ಹೇಜಲ್ ಓದಿದ ಕಾಗದ

ನಿಂಬೆಗಾತ್ರದ ಬ್ರಸೆಲ್ಸ್ ಕೋಸುಗಳ ಬುಡಕ್ಕೆ ಚಾಕುವಿನಿಂದ ಅಡ್ಡಗೀಟು ಹಾಕುತ್ತಿದ್ದ ಹೇಜಲ್, ಹೊರಗೆ ಕಾರಿನ ಬಾಗಿಲು ಹಾಕಿಕೊಂಡ ಸದ್ದಿಗೆ ಕೈ ನಿಲ್ಲಿಸಿದಳು. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ತಂಗಿ ಲೊರೇನ್ ಗೇಟಿನ ಹತ್ತಿರ ನಿಂತು ಕೂದಲು ಸರಿಮಾಡಿಕೊಳ್ಳುತ್ತಿದ್ದಳು. ಕಾರು ಹೊಸದು. ಕೋಟೂ ಹೊಸದು. ಅರವತ್ತೆರಡು ತುಂಬಿದ ಹೆಂಗಸಿನ ಸೊಂಟಕ್ಕೆ ಆ ಕೋಟಿನ ಬೆಲ್ಟು ಇನ್ನೂ ಸಲೀಸಾಗಿ ಸುತ್ತುತ್ತದಲ್ಲ ಎಂದು ನೋಡಿ ಹೇಜಲ್‌ಳ ಹೊಟ್ಟೆಯಲ್ಲಿ ಕಿಚ್ಚಿಟ್ಟಂತಾಯಿತು.

"ಬಂದಳು ನಿನ್ನ ತಂಗಿ," ಎಂದು ಗಂಡ ಕ್ಲಿಫ್ ನಡುಮನೆಯಿಂದ ತಲೆ ಹಾಕಿದ. "ಅಷ್ಟು ದೂರದ ಗಿಲ್ಡ್‌ಫರ್ಡಿಂದ ನಮ್ಮ ಸ್ಕಿಪ್ಟನ್‌ವರೆಗೂ ಕತ್ತಲಲ್ಲೇ ಓಡಿಸ್ಕೊಂಡು ಬಂದಿದಾಳೆ. ಈಗ ಏನ್ ಮಾಡ್ತೀಯ?"

"ಏನ್ ಮಾಡೋದು? ಕೋಸು ಬೇಯಿಸ್ತೀನಿ."

"ಕೋಸಿನ ವಿಷಯ ಅಲ್ಲ ಕಣೇ ನಾನು ಹೇಳಿದ್ದು."

ಅವನು ಹೇಳಿದ್ದು ಯಾವ ವಿಷಯ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ವಿಷಯದಿಂದಲೇ ಒಂದು ವಾರದಿಂದ ಅವಳಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ.

ಹೇಜಲ್ ಕೈ ಒರೆಸಿಕೊಂಡು ಹೋಗುವಷ್ಟರಲ್ಲಿ ತಾಯಿ ಎಡ್ನಾ ಗೋಡೆ ಹಿಡಿದುಕೊಂಡು ಬಾಗಿಲು ಮುಟ್ಟಿಯಾಗಿತ್ತು. ಎಂಬತ್ತೆಂಟರ ಮುದುಕಿ. ಕಣ್ಣಿನ ನಡುಭಾಗ ಮಂಜಾಗಿ, ಅಂಚಿನಲ್ಲಿ ಮಾತ್ರ ಅಷ್ಟಿಷ್ಟು ಕಾಣುತ್ತಿತ್ತು. ಟೀ ತರಲೆಂದು ಎದ್ದರೆ "ಅಯ್ಯೋ ನನ್ನ ಮಂಡಿ" ಎನ್ನುವವಳು ಇವತ್ತು ಯಾರ ಕೈಯನ್ನೂ ಕಾಯದೆ ಎದ್ದುಬಂದಿದ್ದಳು. ಲೊರೇನ್‌ಳ ಎರಡು ಕೆನ್ನೆಗಳನ್ನೂ ಅಂಗೈಯಲ್ಲಿ ಹಿಡಿದು, "ಬಾ ನನ್ನ ಕಂದ. ಎಷ್ಟು ಇಳಿದುಹೋಗಿದೀಯೇ! ಹೊಟ್ಟೆಗೆ ಸರಿಯಾಗಿ ತಿಂತಾನೇ ಇಲ್ಲ ನೀನು," ಎಂದಳು.

"ಚೆನ್ನಾಗೇ ತಿಂತೀನಮ್ಮ," ಎಂದು ಲೊರೇನ್ ನಕ್ಕಳು. ನಕ್ಕಳೇ ಹೊರತು ಕೆನ್ನೆಗಳನ್ನು ಬಿಡಿಸಿಕೊಳ್ಳಲಿಲ್ಲ. ಚಳಿಗಾಳಿ ಮನೆಯೊಳಕ್ಕೆ ನುಗ್ಗುತ್ತಿದ್ದರೂ ತಾಯಿಯ ಕೈಯಲ್ಲಿ ಮುಖವಿಟ್ಟುಕೊಂಡು ಹೊಸ್ತಿಲ ಮೇಲೇ ನಿಂತಿದ್ದಳು.

ಹೇಜಲ್‌ಳನ್ನು ಕಂಡ ಮೇಲೆ ಚೀಲದಿಂದ ಉದ್ದನೆಯ ಬಿಳಿ ಲಕೋಟೆ ತೆಗೆದಳು. "ಈ ಸಲದ ಕಾಗದ. ಹೇಗೂ ನಾನೇ ಬರ್ತಿದೀನಲ್ಲ ಅಂತ ಅಂಚೆಗೆ ಹಾಕಲಿಲ್ಲ."

ಹೇಜಲ್ ಅದನ್ನು ತೆಗೆದುಕೊಂಡು ಎಂದಿನಂತೆ ಗಡಿಯಾರದ ಹಿಂದೆ ಸಿಕ್ಕಿಸಿದಳು. ಎಂದಿನಂತೆ ಅಲ್ಲದ ಒಂದು ಸಂಗತಿಯೆಂದರೆ, ಈ ಸಲ ಅದನ್ನು ಅವಳು ಮೊದಲೇ ಓದಿರಲಿಲ್ಲ.

ಲೊರೇನ್ ಪ್ರತಿ ಡಿಸೆಂಬರಿನಲ್ಲೂ ಎರಡು ಪುಟದ ಕಾಗದ ಟೈಪು ಮಾಡಿ ಅರವತ್ತು ಮನೆಗೆ ಕಳಿಸುತ್ತಿದ್ದಳು. ಅವಳ ಮನೆಯ ಇಡೀ ವರ್ಷದ ವರದಿ. ಗಂಡ ಡೆರೆಕ್‌ಗೆ ಆದ ಬಡ್ತಿ, ತೋಟದ ಕಡೆಗೆ ಕಟ್ಟಿಸಿದ ಗಾಜಿನ ಕೋಣೆ, ಸ್ಪೇನಿನ ಬಿಸಿಲು, ಮಗಳ ಮನೆ, ಮೊಮ್ಮಕ್ಕಳ ಹಲ್ಲು. ಒಂದು ವರ್ಷ ಅವರ ನಾಯಿಗೂ ಬಹುಮಾನ ಬಂದಿತ್ತು. ಕೊನೆಗೆ ಹಳೆಯ ನೆನಪಿನ ನಾಲ್ಕು ಸಾಲು. ಇಂಥ ಕಾಗದವನ್ನು ಎಲ್ಲರೂ ಬೈದುಕೊಳ್ಳುತ್ತಾರೆ, ಕೊನೆಯ ಸಾಲಿನವರೆಗೂ ಓದುತ್ತಾರೆ. ಎಡ್ನಾಳ ಮನೆಯಲ್ಲಂತೂ ಕ್ರಿಸ್‌ಮಸ್ ದಿನ ಪುಡಿಂಗ್ ತಿಂದ ಮೇಲೆ ಅದನ್ನು ಗಟ್ಟಿಯಾಗಿ ಓದುವುದು ಪದ್ಧತಿಯಾಗಿತ್ತು. ಕಣ್ಣಿರುವವರೆಗೆ ಎಡ್ನಾಳೇ ಓದುತ್ತಿದ್ದಳು. ಆಮೇಲೆ ಅದು ಹೇಜಲ್‌ಳ ಪಾಲಿಗೆ ಬಂತು.

ಹೇಜಲ್‌ಗೆ ಯಾರಿಗೂ ಬರೆಯುವಂಥ ಸುದ್ದಿ ಇರುತ್ತಿರಲಿಲ್ಲ. ಇಪ್ಪತ್ತೇಳು ವರ್ಷ ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಹಿಸುಕಿದ್ದಳು. ಕ್ಲಿಫ್ ಬಸ್ಸು ಓಡಿಸಿದ್ದ. ಮಕ್ಕಳಾಗಲಿಲ್ಲ. ಆರು ವರ್ಷದಿಂದ ತಾಯಿ ಇವರ ಮನೆಯಲ್ಲೇ. ಸ್ನಾನ, ಔಷಧಿ, ಕಣ್ಣಿನ ಆಸ್ಪತ್ರೆ ಎಲ್ಲ ಹೇಜಲ್‌ಳದೇ. ಅದನ್ನೆಲ್ಲ ಕಾಗದದಲ್ಲಿ ಬರೆದು ಅರವತ್ತು ಮನೆಗೆ ಯಾರು ಕಳಿಸುತ್ತಾರೆ?

ಮೂರು ವರ್ಷದ ಹಿಂದೆ ಮೊದಲ ಸಲ ಓದಲು ಕೂತಾಗ ಡೆರೆಕ್‌ನ ಬಡ್ತಿಯ ಸಾಲು ಅವಳ ಗಂಟಲಿನಿಂದ ಹೊರಗೆ ಬರಲೇ ಇಲ್ಲ. ಹಾರಿಸಿಬಿಟ್ಟಳು. "ಡೆರೆಕ್ ವಿಷಯ ಏನೂ ಇಲ್ವಾ?" ಎಂದು ತಾಯಿ ಕೇಳಿದಳು. "ಅವನಿಗೆ ಬೆನ್ನುನೋವಂತೆ, ಕೆಲಸ ಬಿಡೋ ಹಾಗಾಗಿದೆಯಂತೆ," ಎಂದು ಬಾಯಿಗೆ ಬಂದದ್ದು ಹೇಳಿದಳು. ನಾಲಿಗೆಗೆ ಎಲುಬಿಲ್ಲವಲ್ಲ, ಹೇಗೆ ಬೇಕಾದರೂ ಹೊರಳುತ್ತದೆ. ಮರುವರ್ಷ ಗಾಜಿನ ಕೋಣೆ ಸೋರುವ ಸೂರಾಯಿತು. ಅದರ ಮರುವರ್ಷ ಸ್ಪೇನಿನ ಬಿಸಿಲಿಗೆ ಬದಲು ಲೊರೇನ್ ಮೆಟ್ಟಿಲಿನಿಂದ ಜಾರಿ ಕಾಲು ಉಳುಕಿಸಿಕೊಂಡಳು. "ಇದನ್ನೆಲ್ಲ ಅವಳ ಹತ್ತಿರ ಎತ್ತಬೇಡಮ್ಮ, ಅವಳಿಗೆ ಅವಮಾನ ಆಗತ್ತೆ," ಎಂದು ಹೇಜಲ್ ಪ್ರತಿ ಸಲವೂ ಬಾಗಿಲು ಭದ್ರಮಾಡುತ್ತಿದ್ದಳು. ಡಿಸೆಂಬರ್ ಬಂತೆಂದರೆ ಕ್ಲಿಫ್ ಹಂಗಿಸುತ್ತಿದ್ದ: "ಈ ವರ್ಷ ಲೊರೇನ್‌ಗೆ ಯಾವ ರೋಗ ಬರಿಸ್ತೀಯ?"

ತಂಗಿಯನ್ನು ತಾಯಿಯ ಮನಸ್ಸಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿಸಬೇಕು ಎಂದಷ್ಟೇ ಹೇಜಲ್ ಅಂದುಕೊಂಡಿದ್ದದ್ದು. ಆದದ್ದೇ ಬೇರೆ. "ಪಾಪ ಲೊರೇನ್" ಎನ್ನುವುದು ತಾಯಿಗೆ ಜಪವಾಯಿತು. ಮೊದಲ ವರ್ಷ ಕೈಗವಸು ಹೆಣೆದು ಕಳಿಸಿದಳು. ಆಮೇಲೆ ಕಾಲುಚೀಲ. ಭಾನುವಾರ ಹತ್ತು ಹೊಡೆದರೆ ಸಾಕು, ದೊಡ್ಡ ಗುಂಡಿಯ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಲೊರೇನ್‌ಗೆ ಕರೆ ಮಾಡುತ್ತಿದ್ದಳು. "ತಿಂಡಿ ಆಯ್ತಾ? ಬೆಚ್ಚಗಿದೀಯಾ? ಒಬ್ಬಳೇ ಎಲ್ಲ ಎಳೀಬೇಡ." ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಜ್ವರದಲ್ಲೇ ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಹೇಜಲ್‌ಗೆ ತಾಯಿ ಹೇಳುತ್ತಿದ್ದದ್ದು ಒಂದೇ ಮಾತು. "ನಿನಗೇನು, ನೀನು ಗಟ್ಟಿ."

ಈ ವರ್ಷ ಬೇಸಿಗೆಯಿಂದ ಎಡ್ನಾ ಬೆರಳಿನ ಅಂದಾಜಿನಲ್ಲೇ ಉಲ್ಲನ್ನಿನ ಚೌಕಗಳನ್ನು ಹೆಣೆದು ಹೊದಿಕೆ ಜೋಡಿಸುತ್ತಿದ್ದಳು. "ಯಾವ ಬಣ್ಣ ತರಲಿ?" ಎಂದು ಹೇಜಲ್ ಕೇಳಿದರೆ, "ನಿನಗೆ ಯಾವುದು ಇಷ್ಟವೋ ಅದೇ ತಾ," ಎಂದಿದ್ದಳು. ಹೇಜಲ್ ತನಗೇ ಎಂದುಕೊಂಡು ಅಂಗಡಿಯಲ್ಲಿ ಅರ್ಧ ಗಂಟೆ ನಿಂತು ಪಾಚಿಹಸಿರು ಆರಿಸಿ ತಂದಳು. ನವೆಂಬರಿನಲ್ಲಿ ಕೊನೆಯ ಚೌಕ ಮುಗಿದಾಗ ತಾಯಿ ಅಂದಳು: "ಇದನ್ನು ಹೊದ್ದರೆ ಪಾಪ ಲೊರೇನ್‌ಗೆ ಆ ಥಂಡಿ ಮನೇಲಿ ಸ್ವಲ್ಪ ಹಿತವಾಗತ್ತೆ. ಕ್ರಿಸ್‌ಮಸ್‌ಗೆ ಇಲ್ಲಿಗೇ ಬಾ ಅಂತ ಹೇಳಿದೀನಿ. ಅಲ್ಲಿದ್ದು ಏನು ತಿನ್ನುತ್ತಾಳೋ."

ಡೆರೆಕ್, ಮಗಳು, ಮೊಮ್ಮಕ್ಕಳು ಎಲ್ಲರೂ ಆಸ್ಟ್ರಿಯಾಕ್ಕೆ ಹಿಮದಲ್ಲಿ ಜಾರಾಡಲು ಹೋಗಿದ್ದರು. ಅದನ್ನು ಬಿಟ್ಟು ಲೊರೇನ್ ಇಲ್ಲಿಗೆ ಯಾಕೆ ಬಂದಳು ಎನ್ನುವುದು ಹೇಜಲ್‌ಗೆ ಬಗೆಹರಿಯಲಿಲ್ಲ.

ಕ್ರಿಸ್‌ಮಸ್ ಊಟಕ್ಕೆ ಕೂತಾಗ ನಾಲ್ವರೂ ಕಾಗದದ ಟೋಪಿ ಹಾಕಿಕೊಂಡಿದ್ದರು. ಎಡ್ನಾಳದು ನೇರಳೆ, ಒಂದು ಕಿವಿಯ ಮೇಲೆ ಜಾರಿತ್ತು. ಎರಡನೆಯ ಲೋಟ ಶೆರ್ರಿ ವೈನ್ ಮುಗಿಯುವವರೆಗೂ ಎಲ್ಲ ನೆಟ್ಟಗಿತ್ತು. ಕೋಳಿಗಿಂತ ಟರ್ಕಿ ಒಣ, ಆದರೂ ಹೇಜಲ್ ಕೈಯಲ್ಲಿ ಮೆತ್ತಗಿದೆ ಎಂದು ಲೊರೇನ್ ಹೊಗಳಿದಳು. ಕ್ಲಿಫ್ ಎರಡನೆಯ ಸಲ ಸಾರು ಸುರಿದುಕೊಂಡ. ಆಗ ಎಡ್ನಾ ಮುಳ್ಳು ಚಮಚ ಕೆಳಗಿಟ್ಟಳು.

"ಡೆರೆಕ್ ಬೆನ್ನು ಈಗ ಹೇಗಿದೆ ಮಗಳೇ?"

"ಡೆರೆಕ್ ಬೆನ್ನಾ?"

"ಮುಚ್ಚಿಡಬೇಡ. ಕೇಳಬಾರದು ಅಂತ ಹೇಜಲ್ ಹೇಳಿದ್ದಳು. ಆದರೆ ಹೆತ್ತ ಹೊಟ್ಟೆ, ಹೇಗೆ ಸುಮ್ನಿರಲಿ? ಮನೆ ಸೋರತ್ತೆ, ಗಂಡನಿಗೆ ಕೆಲಸ ಇಲ್ಲ, ಅದರ ಮೇಲೆ ನೀನು ಆ ಕಾಲಿಟ್ಕೊಂಡು..." ಎಡ್ನಾ ಮೇಜಿನ ಮೇಲೆ ತಡವಿ ಲೊರೇನ್‌ಳ ಕೈ ಹಿಡಿದಳು. "ಕಾಗದದಲ್ಲಿ ಎಲ್ಲ ಬರೆದಿದೀಯಲ್ಲ, ಬಾಯಿಬಿಟ್ಟು ಹೇಳೋಕೆ ಏನು ನಾಚಿಕೆ?"

ಲೊರೇನ್ ತಲೆಯೆತ್ತಿ ಅಕ್ಕನನ್ನು ನೋಡಿದಳು. ಹೇಜಲ್ ಬಾಯಿಯ ಹತ್ತಿರ ತಂದಿದ್ದ ಆಲೂಗಡ್ಡೆಯನ್ನು ತಟ್ಟೆಗೇ ಇಳಿಸಿದಳು. ಮುಗಿಯಿತು, ಅಂದುಕೊಂಡಳು. ಇನ್ನು ತಾಯಿಯ ಮುಂದೆ ಯಾವ ಮುಖ ಹೊತ್ತು ಓಡಾಡುವುದು? ಕ್ಲಿಫ್ ಇದ್ದಕ್ಕಿದ್ದಂತೆ ಮೇಜಿನ ಮೇಲಿದ್ದ, ಇಬ್ಬರು ಸೇರಿ ಎಳೆಯುವ ಕಾಗದದ ಪಟಾಕಿಯನ್ನು ತಾನೊಬ್ಬನೇ ಎರಡೂ ಕಡೆ ಹಿಡಿದು ಎಳೆದು ಪಟ್ಟೆನ್ನಿಸಿದ. ಯಾರೂ ನಗಲಿಲ್ಲ.

"ಈಗ ಪರವಾಗಿಲ್ಲಮ್ಮ," ಎಂದಳು ಲೊರೇನ್ ನಿಧಾನವಾಗಿ. "ಬಗ್ಗಿದಾಗ ಸ್ವಲ್ಪ ಹಿಡ್ಕೊಳ್ಳತ್ತೆ ಅಷ್ಟೆ."

ಎಡ್ನಾ ಕಣ್ಣೊರೆಸಿಕೊಂಡು ಕ್ಲಿಫ್‌ನಿಂದ ಪೊಟ್ಟಣ ತರಿಸಿದಳು. ಪಾಚಿಹಸಿರಿನ ಹೊದಿಕೆ ಲೊರೇನ್‌ಳ ತೊಡೆಯ ಮೇಲೆ ಹರಡಿಕೊಂಡಿತು. ಲೊರೇನ್ ಒಂದೊಂದು ಚೌಕವನ್ನೂ ಬೆರಳಿನಿಂದ ಮುಟ್ಟಿ ನೋಡಿದಳು. ಹೇಜಲ್ ಆ ಬೆರಳುಗಳನ್ನೇ ನೋಡುತ್ತಿದ್ದಳು. ಬೈಗುಳವನ್ನಾದರೂ ತಡೆದುಕೊಳ್ಳಬಹುದಿತ್ತು, ಇದನ್ನು ನೋಡುತ್ತ ಕೂರುವುದು ಅವಳಿಂದಾಗಲಿಲ್ಲ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಅಡುಗೆಮನೆಗೆ ಎದ್ದುಹೋದಳು.

ಲೊರೇನ್ ಹಿಂದೆಯೇ ಬಂದು ಬಾಗಿಲು ಹಾಕಿ, ಒರೆಸುವ ಬಟ್ಟೆ ತೆಗೆದುಕೊಂಡಳು.

"ಡೆರೆಕ್‌ಗೆ ಬೆನ್ನುನೋವು ಬಂದು ಎಷ್ಟು ವರ್ಷ ಆಯ್ತು?"

"ಮೂರು," ಎಂದಳು ಹೇಜಲ್, ನೊರೆಯೊಳಗೆ ಕೈಯಿಟ್ಟುಕೊಂಡು.

"ಮನೆ ಸೋರೋದು?"

"ಎರಡು."

"ನನ್ನ ಕಾಲು?"

"ಹೋದ ವರ್ಷ. ಎಡಗಾಲು." ಹೇಜಲ್ ತಿರುಗಿ ನೋಡಲಿಲ್ಲ. "ಹೋಗು, ಹೇಳು ಅವಳಿಗೆ. ನನ್ನ ಹೊಟ್ಟೆಕಿಚ್ಚು ಅಂತಾನೇ ಹೇಳು. ಹೌದು, ಹೊಟ್ಟೆಕಿಚ್ಚೇ. ನೀನು ಎರಡು ಪುಟ ತುಂಬಾ ಬರೀತೀಯ, ನಾನಿಲ್ಲಿ ಅವಳ ಕಾಲುಗುರು ಕತ್ತರಿಸ್ತೀನಿ."

ಲೊರೇನ್ ಬಹಳ ಹೊತ್ತು ಒಂದೇ ತಟ್ಟೆಯನ್ನು ಒರೆಸಿದಳು.

"ಅದಕ್ಕಾ ಫೋನು," ಎಂದಳು ಕೊನೆಗೆ. "ನಾನು ಅಮ್ಮನಿಗೆ ವಯಸ್ಸಾಯ್ತು, ಮೆತ್ತಗಾಗಿದಾಳೆ ಅಂದ್ಕೊಂಡಿದ್ದೆ. ಅದಕ್ಕೆ ಮುಂಚೆ ನಲವತ್ತು ವರ್ಷದಲ್ಲಿ ತಾನಾಗಿ ಒಂದು ಸಲ ಮಾಡಿದ್ದಿಲ್ಲ ಕಣೇ. ನಾನೇ ಮಾಡಿದ್ರೂ, 'ನಿನಗೇನು, ಚೆನ್ನಾಗಿದೀಯ' ಅಂತ ಇಟ್ಟುಬಿಡೋಳು. ಇನ್ನೂ ಚೆನ್ನಾಗಿದ್ರೆ ಇನ್ನೊಂದು ನಿಮಿಷ ಮಾತಾಡ್ತಾಳೇನೋ ಅಂತ ಎಲ್ಲಾನೂ ಬರೀತಿದ್ದೆ. ನಾಯಿ ಬಹುಮಾನಾನೂ." ತಟ್ಟೆಯನ್ನು ಮೇಲಿಟ್ಟಳು. "ಅವಳು ನನ್ನ ಪಕ್ಕದಲ್ಲಿ ಕೂತಿದ್ದು ನನಗೆ ಏಳು ವರ್ಷ ಆಗಿದ್ದಾಗ, ಕೆಂಪುಜ್ವರ ಬಂದಿತ್ತಲ್ಲ, ಆಗ. ಒಂಬತ್ತು ದಿನ."

ಒಂಬತ್ತು ದಿನ ಎನ್ನುವುದು ಹೇಜಲ್‌ಗೂ ನೆನಪಿತ್ತು. ಅವಳನ್ನು ಆ ಒಂಬತ್ತು ದಿನ ಚಿಕ್ಕಮ್ಮನ ಮನೆಗೆ ಅಟ್ಟಿದ್ದರು. ಕೊಬ್ಬು ಸವರಿದ ತಣ್ಣನೆ ಬ್ರೆಡ್ಡು ತಿನ್ನುತ್ತ ಕಿಟಕಿಯಲ್ಲಿ ಕೂತು, ತನಗೂ ಜ್ವರ ಬರಲಿ ಎಂದು ದೇವರನ್ನು ಬೇಡಿಕೊಂಡಿದ್ದಳು. ಬರಲಿಲ್ಲ. ಅವಳು ಆಗಲೂ ಗಟ್ಟಿ.

"ಈಗ ಕಾಗದ ಓದ್ತೀಯಲ್ಲ," ಎಂದಳು ಲೊರೇನ್, ದನಿ ತಗ್ಗಿಸಿ. "ನೀನು ಓದೋ ಹಾಗೇ ಓದು. ನನಗೆ ಏನು ಬೇಕಾದ್ರೂ ಬರಿಸು. ನಾನು ಬಾಯಿ ಬಿಡಲ್ಲ."

ಬೈಯುತ್ತಾಳೆಂದು ಕಾದಿದ್ದ ಹೇಜಲ್‌ಗೆ ಒಂದು ಕ್ಷಣ ಹಗುರವಾಯಿತು. ಮರುಕ್ಷಣವೇ ಹೊಟ್ಟೆ ಮತ್ತೆ ಉರಿಯಿತು. ಗಾಜಿನ ಕೋಣೆಯೂ ಅವಳಿಗೇ ಬೇಕು, ಪಾಪ ಅನ್ನಿಸಿಕೊಳ್ಳುವುದೂ ಅವಳಿಗೇ ಬೇಕು. ಹಾಗಾದರೆ ತನಗೆ ಉಳಿಯುವುದೇನು?

ಪುಡಿಂಗ್ ಆಯಿತು. "ಎಲ್ಲಿ, ಕಾಗದ ತಗೋ," ಎಂದು ಎಡ್ನಾ ಕುರ್ಚಿಯನ್ನು ಲೊರೇನ್‌ಳ ಪಕ್ಕಕ್ಕೆ ಎಳೆಸಿಕೊಂಡು ಹೊದಿಕೆಯ ಕೆಳಗೆ ಮಗಳ ಕೈ ಹಿಡಿದಳು. ಹೇಜಲ್ ಕನ್ನಡಕ ಹಾಕಿಕೊಂಡು ಲಕೋಟೆ ಹರಿದಳು.

ಇದ್ದದ್ದನ್ನು ಇದ್ದ ಹಾಗೆ ಓದಿದಳು.

ಡೆರೆಕ್ ಈಗ ಇಡೀ ದಕ್ಷಿಣ ವಿಭಾಗಕ್ಕೇ ಮುಖ್ಯಸ್ಥ ಎಂದು ಓದಿದಳು. ಗಾಜಿನ ಕೋಣೆಯಲ್ಲಿ ನಿಂಬೆಗಿಡ ಕಾಯಿ ಬಿಟ್ಟಿದೆ ಎಂದು ಓದಿದಳು. ಲಿಸ್ಬನ್‌ನಲ್ಲಿ ಮೂರು ವಾರ, ದಿನಕ್ಕೆ ಎಂಟು ಮೈಲಿ ನಡಿಗೆ. ಮೂರು ವರ್ಷದಲ್ಲಿ ಅವಳ ದನಿ ಇಷ್ಟು ಸ್ವಚ್ಛವಾಗಿ ಹೊರಟಿರಲಿಲ್ಲ. ಸತ್ಯ ಹೇಳುವುದರಲ್ಲಿ ಇಷ್ಟು ಸುಖವಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ಕ್ಲಿಫ್ ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಲೊರೇನ್ ಒಂದು ಸಲ ಅಕ್ಕನ ಮುಖ ನೋಡಿ, ಆಮೇಲೆ ಮೇಜಿನ ಮೇಲೆ ಬಿದ್ದಿದ್ದ ಪಟಾಕಿಯ ತುಂಡನ್ನು ನೋಡುತ್ತ ಕೂತಳು.

"ಹಾಗಾದರೆ ಬೆನ್ನು?" ಎಂದಳು ಎಡ್ನಾ.

"ವಾಸಿಯಾಯ್ತಂತಮ್ಮ. ಸೂರೂ ರಿಪೇರಿ ಆಗಿದೆ. ಕಾಲಂತೂ ಕೇಳಲೇಬೇಡ, ದಿನಕ್ಕೆ ಎಂಟು ಮೈಲಿ."

ಎರಡನೆಯ ಪುಟದ ಕೊನೆಯಲ್ಲಿ ನಾಲ್ಕು ಸಾಲು ಉಳಿದಿದ್ದವು. 'ಇದೆಲ್ಲಕ್ಕಿಂತ ದೊಡ್ಡದು ಬೇರೆಯೇ ಇದೆ,' ಎಂದು ಲೊರೇನ್ ಬರೆದಿದ್ದಳು. 'ಪ್ರತಿ ಭಾನುವಾರ ಹತ್ತು ಗಂಟೆಗೆ ನನ್ನ ತಾಯಿ ಫೋನ್ ಮಾಡಿ, ತಿಂಡಿ ಆಯಿತಾ ಎಂದು ಕೇಳುತ್ತಾಳೆ. ಒಂಬತ್ತೂವರೆಯಿಂದ ನಾನು ಫೋನಿನ ಪಕ್ಕದಲ್ಲೇ ಕೂತಿರುತ್ತೇನೆ. ಎಲ್ಲಿಗೆ ಕರೆದರೂ ಭಾನುವಾರ ಬೆಳಿಗ್ಗೆ ನಾನು ಬರುವುದಿಲ್ಲ, ಯಾರೂ ಬೇಸರ ಮಾಡಿಕೊಳ್ಳಬೇಡಿ.'

ಹೇಜಲ್ ಅದನ್ನು ಮನಸ್ಸಿನಲ್ಲೇ ಓದಿಕೊಂಡಳು.

"ಅಷ್ಟೇನಾ?" ಎಂದಳು ಎಡ್ನಾ.

"ಅಷ್ಟೇ ಅಮ್ಮ," ಎಂದು ಹೇಜಲ್ ಕಾಗದ ಮಡಚಿದಳು.

ಅಷ್ಟೇ ಅಲ್ಲವೆಂದು ಬರೆದವಳಿಗೆ ಗೊತ್ತಿತ್ತು. ಲೊರೇನ್ ಪಟಾಕಿಯ ತುಂಡನ್ನು ಬೆರಳಲ್ಲಿ ಸುರುಳಿ ಸುತ್ತಿದಳು.

"ಸದ್ಯ, ದೇವರು ದೊಡ್ಡವನು. ನನಗೆ ಒಂದು ಚಿಂತೆ ಕಳೀತು," ಎಂದು ಎಡ್ನಾ ಹೊದಿಕೆಯ ಕೆಳಗಿನಿಂದ ಕೈ ತೆಗೆದು ತನ್ನ ಟೀ ಬಟ್ಟಲನ್ನು ತಡವಿದಳು. ಒಂದು ಗುಟುಕು ಕುಡಿದು, ಏನೋ ನೆನಪಾದವಳಂತೆ ಅಂದಳು: "ಹಾಗಾದ್ರೆ ಈ ಹೊದಿಕೆ ನಿನಗ್ಯಾಕೆ ಲೊರೇನ್? ನಿಂಬೆಗಿಡ ಬೆಳೆಯೋ ಅಷ್ಟು ಬೆಚ್ಚಗಿದೆ ನಿಮ್ಮನೆ. ಹೇಜಲ್ ತಗೊಳ್ಳಲಿ. ಅವಳ ಅಡುಗೆಮನೇಲಿ ಬೆಳಗಿನ ಹೊತ್ತು ಕೈಕಾಲು ಮರಗಟ್ಟತ್ತೆ."

ಲೊರೇನ್ ಹೊದಿಕೆಯ ಮೂಲೆಗಳನ್ನು ಸೇರಿಸಿ ನೀಟಾಗಿ ಮಡಿಸಿ ಅಕ್ಕನ ತೊಡೆಯ ಮೇಲಿಟ್ಟಳು. "ಬಣ್ಣ ನಿನಗೇ ಒಪ್ಪತ್ತೆ," ಎಂದಳು. ಮರುದಿನ ತಿಂಡಿ ತಿಂದು ಹೊರಟುಹೋದಳು. ಈ ಸಲ ಎಡ್ನಾ ಕುರ್ಚಿಯಿಂದಲೇ ಕೈಬೀಸಿದಳು, ಮಂಡಿ ನೋವಿತ್ತು.

ಎರಡು ದಿನ ಕಳೆದು ಭಾನುವಾರ ಬಂತು. ಹತ್ತು ಹೊಡೆಯಿತು. ಹೇಜಲ್ ಹೊದಿಕೆ ಹೊದ್ದುಕೊಂಡೇ ಉಳಿದ ಟರ್ಕಿಯ ಮಾಂಸವನ್ನು ಮೂಳೆಯಿಂದ ಬಿಡಿಸುತ್ತಿದ್ದಳು. ಎಡ್ನಾ ಕುರ್ಚಿಯಲ್ಲಿ ಕೂತು ರೇಡಿಯೋ ಕೇಳುತ್ತಿದ್ದಳು. ಫೋನು ಪಕ್ಕದ ಮೇಜಿನ ಮೇಲಿತ್ತು.

"ಅಮ್ಮ, ಹತ್ತಾಯ್ತು."

"ಹೂಂ, ಕೇಳಿಸ್ತು."

"ಲೊರೇನ್‌ಗೆ ಮಾಡಲ್ವಾ?"

"ಅವಳಿಗೇನಂತೆ? ಚೆನ್ನಾಗಿದಾಳಲ್ಲ. ಸುಮ್ನೆ ಯಾಕೆ ತೊಂದರೆ ಕೊಡೋದು?" ಎಂದು ಎಡ್ನಾ ರೇಡಿಯೋದ ದನಿ ಏರಿಸಿದಳು. "ನೀನು ಕೂತ್ಕೋ ಸ್ವಲ್ಪ. ಬೆಚ್ಚಗಿದೆಯಾ ಅದು?"

"ಬೆಚ್ಚಗಿದೆ."

ಅರವತ್ತನಾಲ್ಕು ವರ್ಷದಲ್ಲಿ ತಾಯಿ ಅವಳನ್ನು ಹಾಗೆ ಕೇಳಿದ್ದು ನೆನಪಿರಲಿಲ್ಲ. ಹೇಜಲ್ ಕೂತಳು. ಹತ್ತೂಕಾಲಾಯಿತು. ಗಿಲ್ಡ್‌ಫರ್ಡಿನ ಮನೆಯನ್ನು ಅವಳು ನೋಡಿದ್ದು ಒಂದೇ ಸಲ. ಆದರೂ ಫೋನಿನ ಪಕ್ಕದ ಕುರ್ಚಿ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಅದರ ಜೊತೆಗೇ ಚಿಕ್ಕಮ್ಮನ ಮನೆಯ ಕಿಟಕಿಯೂ ಯಾಕೋ ನೆನಪಿಗೆ ಬರುತ್ತಿತ್ತು. ಪೇಪರು ಓದುತ್ತಿದ್ದ ಕ್ಲಿಫ್ ತಲೆಯೆತ್ತಿ, "ಯಾಕೆ, ಗೆದ್ದೆಯಲ್ಲ," ಎಂದ.

"ನೀನು ಸುಮ್ನಿರು."

ಹತ್ತೂವರೆಗೆ ಅವಳು ಎದ್ದು ಗಡಿಯಾರದ ಹಿಂದಿನಿಂದ ಕಾಗದ ತೆಗೆದಳು. ಕನ್ನಡಕ ಹಾಕಿಕೊಂಡಳು. ರೇಡಿಯೋ ಆರಿಸಿದಳು.

"ಅಮ್ಮ, ಅವತ್ತು ಇದರಲ್ಲಿ ಕೊನೇದೊಂದು ನಾಲ್ಕು ಸಾಲು ಓದೋದು ಬಿಟ್ಟಿದ್ದೆ. ಅವಳು ಎದುರಿಗೇ ಇದ್ದಳಲ್ಲ, ಸರಿಹೋಗಲಿಲ್ಲ."

"ಏನದು?"

ಹೇಜಲ್ ಎರಡನೆಯ ಪುಟ ತಿರುವಿದಳು. ಭಾನುವಾರ, ಫೋನು, ಒಂಬತ್ತೂವರೆ. ಇದನ್ನು ಇದ್ದ ಹಾಗೆ ಓದಿದರೆ ತಾಯಿ "ಒಳ್ಳೆಯದಾಯ್ತು" ಎಂದು ಮತ್ತೆ ರೇಡಿಯೋ ಹಾಕುತ್ತಾಳೆ. ತಾಯಿ ಎಂಥವಳೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

"'ಈ ಚಳಿಗೆ ನನ್ನ ಎದೆಯಲ್ಲಿ ಕಫ ಕಟ್ಟಿದೆ,'" ಎಂದು ಓದಿದಳು. "'ಎರಡು ವಾರದಿಂದ ಕೆಮ್ಮು ನಿಂತಿಲ್ಲ. ಡೆರೆಕ್ ಊರಲ್ಲಿಲ್ಲ, ಒಂದು ಬಟ್ಟಲು ಬಿಸಿನೀರು ಕೊಡೋರಿಲ್ಲ. ದಯವಿಟ್ಟು ಅಮ್ಮನಿಗೆ ಹೇಳಬೇಡಿ.'"

ಕ್ಲಿಫ್ ಪೇಪರನ್ನು ಕೆಳಗಿಳಿಸಿ ಹೆಂಡತಿಯನ್ನು ನೋಡಿದ.

"ನನಗೆ ಗೊತ್ತಿತ್ತು!" ಎಂದಳು ಎಡ್ನಾ. "ಅವಳ ದನಿಯಲ್ಲೇ ಗೊತ್ತಾಗ್ತಿತ್ತು ನನಗೆ. ಎಲ್ಲಿ, ಫೋನು ಕೊಡು ಇಲ್ಲಿ."

ಕೊಡುವವರೆಗೆ ಕಾಯಲಿಲ್ಲ. ಕೈ ತಾನೇ ಫೋನನ್ನು ಹುಡುಕಿಕೊಂಡಿತು. ಬೆರಳು ಗುಂಡಿಗಳನ್ನು ಒಂದೊಂದಾಗಿ ಎಣಿಸಿ ಒತ್ತತೊಡಗಿತು. ಹೇಜಲ್ ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡಳು. ಇದನ್ನು ಮಾತ್ರ ಅವಳು ಕೊಡುವವಳಲ್ಲ. ಅಡುಗೆಮನೆಗೆ ಹೋಗಿ ಬಾಗಿಲು ಎಳೆದುಕೊಂಡಳು, ಆದರೆ ಆ ಬಾಗಿಲು ಎಂದೂ ಸರಿಯಾಗಿ ಕೂರುತ್ತಿರಲಿಲ್ಲ. ಆ ಕಡೆ ಒಂದೇ ರಿಂಗಿಗೆ ಎತ್ತಿರಬೇಕು.

"ಕಂದಾ," ಎನ್ನುತ್ತಿದ್ದಳು ತಾಯಿ. "ಮಲಗಿದ್ಯಾ? ತಿಂಡಿ ಆಯ್ತಾ?"

ತೊಟ್ಟಿಯಲ್ಲಿ ತೊಳೆಯುವ ಪಾತ್ರೆ ಒಂದೂ ಇರಲಿಲ್ಲ. ಹೇಜಲ್ ನಲ್ಲಿಯನ್ನು ಪೂರ್ತಿ ತಿರುಗಿಸಿ, ನೀರು ಬೀಳುವುದನ್ನು ನೋಡುತ್ತ ನಿಂತಳು.